ಟವೆಲ್ಲಿನಡಿಯ ಐದು ದಿನ

ಹೆಬ್ಬಳ್ಳಿ
ಸೋಮವಾರ, ೧೮ ನವೆಂಬರ್ ೨೦೨೪

ಪ್ರೀತಿಯ ಕಲ್ಲೇಶಾ,

ನಿನ್ನ ಅಪ್ಪ ಬರೆಯುತ್ತಿದ್ದೇನೆ. ಮೊದಲು ನಿನ್ನ ಮೈಯ ಸುದ್ದಿ ಹೇಳು. ಕೈ ನಡುಗುವುದು ನಿಂತಿತೇ? ನಿದ್ದೆ ಹತ್ತುತ್ತದೆಯೇ? ಕಾಲಿನ ಬಾವು ಇಳಿಯಿತೇ? ನಾವು ಕೇಳಿದಾಗಲೆಲ್ಲ ನಿಮ್ಮ ಕೌನ್ಸೆಲರ್ ಸೌಮ್ಯಾ ಮೇಡಮ್ ‘ಅರಾಮ ಅದಾರ್ರಿ’ ಎನ್ನುತ್ತಾರೆ. ಎತ್ತು ಮಾರಲು ಬಂದವನೂ ಹಾಗೆಯೇ ಹೇಳುತ್ತಾನೆ. ನಲವತ್ತು ವರ್ಷ ದನದ ದಲಾಲಿ ಮಾಡಿದ ನನಗೆ ಅಷ್ಟರಿಂದ ಸಮಾಧಾನವಾಗುವುದು ಹೇಗೆ? ಅಲ್ಲಿ ಜೋಳದ ರೊಟ್ಟಿ ವಾರಕ್ಕೆ ಎರಡೇ ದಿನವಂತೆ, ಉಳಿದ ದಿನ ಚಪಾತಿಯಂತೆ. ಚಪಾತಿ ತಿಂದರೆ ಉಂಡಂತೆ ಆಗುವುದಿಲ್ಲ ಎಂದು ನೀನು ತಾಟು ಸರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಸರಿಸಬೇಡ, ತಮ್ಮಾ. ಎರಡಾದರೂ ತಿನ್ನು. ಗುಳಿಗೆಯನ್ನು ನುಂಗು. ನಾಲಿಗೆಯ ಕೆಳಗೆ ಇಟ್ಟುಕೊಂಡು ಹಿತ್ತಲಿಗೆ ಹೋಗಿ ಉಗುಳುವ ವಿದ್ಯೆ ನಿನಗೆ ಚಿಕ್ಕಂದಿನಿಂದ ಗೊತ್ತು; ನಿನಗೆ ಗೊತ್ತೆಂಬುದು ನನಗೂ ಗೊತ್ತು.

ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಮಾತ್ರ ಥಂಡಿ ಬಿದ್ದಾಗಿನಿಂದ ಮಾತು ಕೇಳುತ್ತಿಲ್ಲ. ಹೊಲದಲ್ಲಿ ಕಡಲೆ ಗೇಣುದ್ದ ಬಂದಿದೆ. ಎತ್ತುಗಳು ಮೇವು ಬಿಟ್ಟಿಲ್ಲ, ಆದರೆ ಎಡಗಡೆಯದು ನನ್ನನ್ನು ಹತ್ತಿರ ಸೇರಿಸುವುದಿಲ್ಲ. ಸೊಸೆ ಕಾವೇರಿ ಹೋಗಿ ಕೊರಳಡಿಯ ಗಂಗೆದೊಗಲು ತುರಿಸಿದರೆ ಮಾತ್ರ ನೀರು ಕುಡಿಯುತ್ತದೆ. ನಿನ್ನ ಮಗಳು ಭಾಗ್ಯಶ್ರೀಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಮೊನ್ನೆ ನನ್ನ ಮುಂದೆ ಬಂದು ಕರುವಿನ ಹಾಗೆ ಬಾಯಿ ತೆರೆದು ನಿಂತು, ‘ಅಜ್ಜಾ, ಹಲ್ಲ ನೋಡಿ ನನ್ನ ವಯಸ್ಸ ಹೇಳು’ ಎಂದಳು. ನಾನು, ‘ಇದು ಹಲ್ಲು ಉದುರಿದ ಮುದಿ ಎತ್ತೈತಿ, ನಮಗ ಬ್ಯಾಡ, ಹೊಡಕೊಂಡ ಹೋಗ್ರಿ’ ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ, ‘ಅಪ್ಪ ಆಗಿದ್ರ ಬರೋಬ್ಬರಿ ಹೇಳ್ತಿದ್ದ’ ಎಂದು ಒಳಗೆ ಹೋದಳು. ಅವಳ ನೋಟ್‌ಬುಕ್ಕಿನ ಹಾಳೆಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮೂರು ಭಾನುವಾರ ನಾವು ಅಲ್ಲಿಗೆ ಬಂದೆವು. ಮೂರು ಸಲವೂ ನೀನು ಹೊರಗೆ ಬರಲಿಲ್ಲ. ನಿನ್ನೆ ಕಾವೇರಿ ಎಣ್ಣೆಗಾಯಿ ಬದನೆಕಾಯಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಗೇಟಿನ ಒಳಗಿನ ಬೆಂಚಿನ ಮೇಲೆ ಎರಡು ತಾಸು ಕುಳಿತಿದ್ದಳು. ಕೊನೆಗೆ ಕಾವಲಿನವನು, ‘ನಾ ಬರೂದಿಲ್ಲ ಅಂದಾರ್ರಿ ಅಕ್ಕಾ. ಡಬ್ಬೀನೂ ಬ್ಯಾಡ ಅಂದಾರ’ ಎಂದ. ಆಮೇಲೆ ಸೌಮ್ಯಾ ಮೇಡಮ್ ನನ್ನನ್ನು ಬದಿಗೆ ಕರೆದು ಒಂದು ಮಾತು ಹೇಳಿದರು. ಎಲ್ಲರೂ ಸುತ್ತ ಕುಳಿತು ಮಾತಾಡುವ ಹೊತ್ತಿನಲ್ಲಿ ನೀನು ಎದ್ದು ನಿಂತು ಹೇಳಿದೆಯಂತೆ: ಮೂವತ್ತು ದಿನ ಮುಗಿದು ಹೊರಬಿದ್ದ ಕೂಡಲೇ ಮೊದಲನೆಯ ಕೆಲಸ ಕಾವೇರಿಯ ಟ್ರಂಕನ್ನು ಹಳೇ ಹುಬ್ಬಳ್ಳಿಯ ತವರಿಗೆ ಕಳಿಸುವುದು, ಎರಡನೆಯದು, ಬಸ್‌ಸ್ಟ್ಯಾಂಡಿನ ಮುಂದಿನ ದಾರೂ ಅಂಗಡಿಗೆ ಹೋಗಿ ಕುಳಿತುಕೊಳ್ಳುವುದು. ‘ಹೆಂಡ್ತಿ ಮೋಸ ಮಾಡಿ ಕೂಡಿ ಹಾಕ್ಯಾಳ, ನಾ ಯಾರ ಸಲುವಾಗಿ ಬಿಡ್ಲಿ?’ ಎಂದೆಯಂತೆ. ಬರುವ ಮಂಗಳವಾರ, ಇಪ್ಪತ್ತಾರಕ್ಕೆ, ಮೂವತ್ತು ದಿನ ಮುಗಿಯುತ್ತದೆ. ಆ ದಿನ ಡಾಕ್ಟರು ಇನ್ನೆರಡು ತಿಂಗಳು ಇರುತ್ತೀಯೋ ಹೋಗುತ್ತೀಯೋ ಎಂದು ನಿನ್ನನ್ನೇ ಕೇಳುತ್ತಾರೆ. ಅದಕ್ಕೆ ಮೊದಲು ನಿನಗೆ ಒಂದು ವಿಷಯ ತಿಳಿಯಬೇಕು. ನೇರ ಹೇಳಲು ನನಗೆ ಬರುವುದಿಲ್ಲ. ಎತ್ತಿನ ಕುಂಟು ಹೇಳುವ ಮೊದಲು ಕೋಡು ಹೊಗಳುವ ಬಾಯಿ ಇದು. ಸ್ವಲ್ಪ ತಡೆದು ಓದು.

ಈ ಊರಿನಲ್ಲಿ ನಿನ್ನನ್ನು ಕೇಳದೆ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಹನ್ನೆರಡು ವರ್ಷದವನಿದ್ದಾಗಲೇ, ಎಣ್ಣೆ ಹಚ್ಚಿ ಮಿಂಚಿಸಿದ ಎತ್ತಿನ ಗೊರಸನ್ನು ಎತ್ತಿ ನೋಡಿ ‘ಕಾಕಾ, ಇದರ ಗೊರಸ ಸೀಳೈತಿ’ ಎಂದು ಸಂತೆಯ ನಡುವೆ ಕೂಗಿದ್ದೆ. ಮಾರುವವನು ಹಗ್ಗ ಹಿಡಿದುಕೊಂಡು ಸದ್ದಿಲ್ಲದೆ ಹೊರಟಿದ್ದ. ನನಗೆ ಎಷ್ಟು ಹೆಮ್ಮೆ! ಹದಿನೇಳಕ್ಕೆ ನೀನೇ ನಡುವೆ ನಿಂತು ಮೊದಲ ಸೌದಾ ಮುಗಿಸಿದೆ. ನಮ್ಮ ಮಂದಿಯ ರೂಢಿ ಗೊತ್ತಲ್ಲ: ಎತ್ತಿನ ಹಗ್ಗ ಕೈ ಬದಲಾದ ಮೇಲೆ ಕೊಟ್ಟವನು, ಕೊಂಡವನು, ನಡುವೆ ನಿಂತವನು ಮೂವರೂ ಕುಳಿತು ಒಂದೊಂದು ಗ್ಲಾಸು ಮುಗಿಸಿ ಏಳಬೇಕು. ನೀನು ಬೇಡವೆಂದು ಹಿಂದೆ ಸರಿದೆ. ‘ಇನ್ನ ದೊಡ್ಡವಾದಿ, ತಗೋ’ ಎಂದು ಗ್ಲಾಸನ್ನು ನಿನ್ನ ಕೈಗೆ ಕೊಟ್ಟವನು ನಾನು. ನೀನು ಮುಖ ಹಿಂಡಿದೆ, ಕೆಮ್ಮಿದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನೂ ನಾನೇ. ನಾನು ಸಂತೆಯ ದಿನ ಮಾತ್ರ ಕುಡಿದೆ. ನಿಮ್ಮವ್ವ ತೀರಿಕೊಂಡ ಮೇಲೆ ಅದನ್ನೂ ಬಿಟ್ಟೆ. ನಾನು ಬಿಟ್ಟಂತೆ ನೀನೂ ಒಂದು ದಿನ ಟವೆಲ್ ಕೊಡವಿ ಏಳುತ್ತೀ ಎಂದುಕೊಂಡು ಕುಳಿತೆ. ಸಂತೆಯ ದಿನದ ಗ್ಲಾಸು ದಿನದ ಗ್ಲಾಸಾಯಿತು. ಆಮೇಲೆ ಎದ್ದ ಕೂಡಲೇ ಹಲ್ಲುಜ್ಜುವ ಮೊದಲೇ ಪ್ಯಾಕೀಟಿನ ಮೂಲೆಯನ್ನು ಹಲ್ಲಿನಿಂದ ಹರಿಯುವುದು ಶುರುವಾಯಿತು.

ಗುಡಿಯಲ್ಲಿ ಆಣೆ ಹಾಕಿಸಿದೆವು, ಹನ್ನೊಂದು ದಿನ ನಡೆಯಿತು. ಯಾರೋ ಹೇಳಿದರೆಂದು ಬೇರಿನ ಪುಡಿಯನ್ನು ಸಾರಿನಲ್ಲಿ ಹಾಕಿದೆವು. ನೀನು ವಾಂತಿ ಮಾಡಿಕೊಂಡು ಮತ್ತೆ ಅಂಗಡಿಗೇ ಹೋದೆ. ಶ್ರಾವಣದಲ್ಲಿ ನಾನೇ ನಿನ್ನನ್ನು ಹೊಟ್ಟಿನ ಕೋಣೆಗೆ ತಳ್ಳಿ ಕೀಲಿ ಹಾಕಿದೆ. ಸೊಕ್ಕಿದ ಹೋರಿಯನ್ನು ಮೂರು ದಿನ ಕಟ್ಟಿದರೆ ತಣ್ಣಗಾಗುತ್ತದೆ, ಮಗನೂ ಹಾಗೆಯೇ ಎಂದುಕೊಂಡೆ. ಮೂರನೆಯ ದಿನ ಒಳಗಿನಿಂದ ಬೈಗುಳ ನಿಂತಿತು. ನಾನು ಕಾವೇರಿಗೆ, ‘ನೋಡವಾ, ಹಾದಿಗೆ ಬಂದ’ ಎಂದೆ. ಅವಳು ನನ್ನ ಮಾತು ಕೇಳದೆ ಕಲ್ಲಿನಿಂದ ಕೀಲಿ ಒಡೆದಳು. ನೀನು ಹೊಟ್ಟಿನಲ್ಲಿ ಬಿದ್ದು ಕೈಕಾಲು ಸೆಟೆದು ಹೊಡೆದುಕೊಳ್ಳುತ್ತಿದ್ದೆ, ಬಾಯಿ ತುಂಬ ನೊರೆಯಿತ್ತು. ದವಾಖಾನೆಯ ಡಾಕ್ಟರು ಹತ್ತು ಮಂದಿಯ ಮುಂದೆ ನನ್ನನ್ನು ಬೈದರು. ‘ಕುಡ್ತ ಬಿಡಿಸೂದು ಅಂದ್ರ ಕೀಲಿ ಹಾಕೂದಲ್ರಿ ಅಜ್ಜಾರ. ಇಷ್ಟ ವರ್ಷ ಕುಡದ ಮೈ. ಔಷಧ ಇಲ್ಲದ ಒಮ್ಮಿಗೇ ನಿಲ್ಲಿಸಿದ್ರ ಜೀವಾನ ಹೋಗ್ತೈತಿ. ಹಿಂಗ ಕುಡಕೊಂತ ಹೋದ್ರೂ ವರ್ಷ ದಾಟೂದಿಲ್ಲ’ ಎಂದರು. ಎರಡು ಕಡೆಯೂ ಸಾವು, ನಡುವೆ ಒಂದೇ ದಾರಿ: ಈಗ ನೀನಿರುವ ಆ ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸುವುದು. ಮಾತೆತ್ತಿದರೆ ನೀನು, ‘ಆ ಹುಚ್ಚರ ಮನಿಗಿ ನನ್ನ ಹೆಣಾ ಒಯ್ಯಿರಿ’ ಎನ್ನುತ್ತಿದ್ದೆ.

ಆಗ ನಾನು ಎತ್ತಿನ ಸುಳ್ಳು ಹೂಡಿದೆ. ಇದು ಕಾವೇರಿಯ ಉಪಾಯವಲ್ಲ, ನೂರಕ್ಕೆ ನೂರು ನನ್ನದು. ಧಾರವಾಡದ ಆಚೆ ಒಬ್ಬರು ಜೋಡಿ ಮಾರುತ್ತಾರೆ, ನನ್ನ ಕಣ್ಣು ಮಬ್ಬು, ನೀನು ಬಂದು ಹಲ್ಲು ನೋಡು ಎಂದೆ. ವರ್ಷದ ಮೇಲಾಗಿತ್ತು ನಿನ್ನನ್ನು ಯಾರೂ ಹಾಗೆ ಕರೆದು. ನೀನು ಬಿಸಿನೀರು ಕಾಯಿಸಿ ಸ್ನಾನ ಮಾಡಿದೆ. ಬಿಳಿ ಅಂಗಿ ಹಾಕಿಕೊಂಡೆ. ಗುಂಡಿ ಹಾಕಲು ಕೈ ನಡುಗಿ ಬಾರದೆ ಭಾಗ್ಯಶ್ರೀಯನ್ನು ಕರೆದು ಹಾಕಿಸಿಕೊಂಡೆ. ದಾರಿಯಲ್ಲಿ ಮತ್ತೆ ಮೈ ಸೆಟೆಯಬಾರದು, ಬೆಳಗಿನದನ್ನು ತಪ್ಪಿಸಬೇಡಿ ಎಂದು ಡಾಕ್ಟರೇ ಹೇಳಿದ್ದರು. ಅದಕ್ಕೆ ಆ ಪ್ಯಾಕೀಟನ್ನು ನಾನೇ ಕೈಯಾರೆ ನಿನಗೆ ಕೊಟ್ಟೆ. ನೀನು ನನ್ನ ಮುಖ ನೋಡಿ, ‘ಅಪ್ಪಾ, ಇವತ್ತ ಇಷ್ಟ. ಎತ್ತಿನ ಮುಂದ ಕುಡದ ನಿಂದ್ರಬಾರದು’ ಎಂದೆ. ಆಗಲೇ ಸತ್ಯ ಹೇಳಬೇಕಿತ್ತು. ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಗಾಡಿ ಹತ್ತಿದೆ. ಕಾವೇರಿ ಕಾಗದಪತ್ರ ಹಿಡಿದುಕೊಂಡು ಒಂದು ತಾಸು ಮೊದಲೇ ಬಸ್ಸಿನಲ್ಲಿ ಹೋಗಿದ್ದಳು.

ನಿನ್ನ ದೋಸ್ತ ಇಸ್ತಿಯಾಕನ ಓಮ್ನಿಯಲ್ಲಿ ದಾರಿಯುದ್ದಕ್ಕೂ ನೀನೊಬ್ಬನೇ ಮಾತಾಡಿದೆ. ಜೋಡಿ ಎಷ್ಟು ಹಲ್ಲಿನದು, ಬಣ್ಣ ಯಾವುದು, ಯಾಕೆ ಮಾರುತ್ತಾರೆ ಎಂದು ಕೇಳಿದೆ. ನಾನು ಒಂದಕ್ಕೊಂದು ಸುಳ್ಳು ಪೋಣಿಸಿದೆ. ಇಸ್ತಿಯಾಕ ಕನ್ನಡಿಯಲ್ಲಿ ಸಹ ನಿನ್ನ ಕಡೆ ನೋಡಲಿಲ್ಲ. ಗಾಡಿ ಆ ಗೇಟಿನ ಮುಂದೆ ನಿಂತಾಗ ನೀನು ಫಲಕ ಓದಿದೆ. ಕೂಗಾಡುತ್ತೀ ಎಂದು ನಾನು ಗಟ್ಟಿಯಾಗಿ ಕುಳಿತಿದ್ದೆ. ನೀನು ಕೂಗಲಿಲ್ಲ. ‘ಅಪ್ಪಾ, ಇಲ್ಲಿ ಎತ್ತ ಇಲ್ಲಲಾ?’ ಎಂದೆ. ಅಷ್ಟೇ. ಕಲ್ಲೇಶಾ, ಆ ದನಿ ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ. ಇಬ್ಬರು ಆಳುಗಳು ಬಂದು ಬಾಗಿಲಿಗೆ ಕೈ ಹಾಕಿದರು. ನೀನು ಸೀಟಿನ ಕಂಬಿಯನ್ನು ಹಿಡಿದೆ. ಇಸ್ತಿಯಾಕ ಸ್ಟಿಯರಿಂಗಿಗೆ ಹಣೆ ಹಚ್ಚಿ, ‘ಮಾಫ್ ಮಾಡೋ ಕಲ್ಲೇಶಣ್ಣಾ’ ಎಂದ. ನಾನು ಆಳುಗಳನ್ನು ದೂರ ಸರಿಸಿ, ಟವೆಲ್ ಬಿಚ್ಚಿ ನನ್ನ ಬಲಗೈ ಮುಚ್ಚಿಕೊಂಡು ನಿನ್ನ ಮುಂದೆ ಚಾಚಿದೆ.

ಮೊನ್ನೆ ಭಾಗ್ಯಶ್ರೀಗೆ ನಮ್ಮ ಈ ಪದ್ಧತಿಯನ್ನು ಬಿಡಿಸಿ ಹೇಳಿದೆ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ ಮಗಳೇ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಕೇಳುತ್ತೇವೆ. ಒಪ್ಪಿಗೆಯಾದರೆ ಕೈ ಹಿಡಿದು ಮೂರು ಸಲ ಕುಲುಕುತ್ತೇವೆ. ಕುಲುಕಿದ ಮೇಲೆ ಚೀಟಿ ಬೇಡ, ಸಾಕ್ಷಿ ಬೇಡ, ಆ ಮಾತು ತಿರುಗುವುದಿಲ್ಲ ಎಂದೆ. ಅವಳು, ‘ಯಾರರೆ ತಿರಗಿಸಿದ್ರ?’ ಎಂದಳು. ನಾನು ಎಲೆ ಅಡಿಕೆ ಹುಡುಕುವ ನೆವ ಮಾಡಿದೆ.

ಅವತ್ತು ಗಾಡಿಯಲ್ಲಿ ನಾನು, ‘ಬೆರಳಿಗೊಂದು ದಿನ’ ಎಂದು ಬಾಯಿ ಬಿಟ್ಟೇ ಹೇಳಿದೆ. ನೀನು ಕಂಬಿಯಿಂದ ಒಂದು ಕೈ ತೆಗೆದೆ. ಆಮೇಲೆ ಕೈ ಒಳಗೆ ತಂದೆ. ನಾನು ನಿನ್ನ ಐದೂ ಬೆರಳನ್ನು ಎರಡು ಸಲ ಹಿಡಿದೆ, ಹತ್ತು ದಿನ. ನೀನು ಕೊಸರಿಕೊಂಡು ಎರಡು ಬೆರಳು ಕೊಟ್ಟೆ. ನಾನು ಬಿಡಲಿಲ್ಲ. ಮೂರು ಕೊಟ್ಟೆ. ನಾನು ಬಿಡಲಿಲ್ಲ. ಆಗ ನೀನು, ‘ಶನಿವಾರ ದೀಪಾವಳಿ ಪಾಡ್ಯ ಐತಿ, ಎತ್ತಿನ ಮೈ ಯಾರ ತೊಳೀತಾರ?’ ಎಂದೆ. ನಾನು, ‘ನೀನ ತೊಳಿಯಾಂವ’ ಎಂದೆ. ಸೋಮವಾರದಿಂದ ಶುಕ್ರವಾರದವರೆಗೆ, ಐದು. ಐದೂ ಬೆರಳನ್ನು ಒಮ್ಮೆ ಹಿಡಿದು ಮೂರು ಸಲ ಕುಲುಕಿದೆ. ನೀನು ಕಂಬಿ ಬಿಟ್ಟು, ಅಂಗಿ ಸರಿ ಮಾಡಿಕೊಂಡು, ನಿನ್ನ ಕಾಲಿನಿಂದಲೇ ನಡೆದು ಒಳಗೆ ಹೋದೆ. ಯಾರೂ ನಿನ್ನನ್ನು ಮುಟ್ಟಲಿಲ್ಲ. ನಿನ್ನ ಕೈ ಹಿಡಿದಾಗಲೇ, ಐದು ದಿನಕ್ಕೆ ಬಿಡಿಸಿಕೊಂಡು ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆಫೀಸಿನಲ್ಲಿ ಡಾಕ್ಟರು ಹೇಳಿದ್ದು ಇಷ್ಟು: ನಿನ್ನ ಈಗಿನ ಸ್ಥಿತಿಯಲ್ಲಿ ಮನೆಯವರ ಸಹಿಯ ಮೇಲೆ ಮೂವತ್ತು ದಿನ ಇಟ್ಟುಕೊಳ್ಳಬಹುದು, ಹೆಂಡತಿ ಸಹಿ ಹಾಕಬೇಕು. ಕಾವೇರಿ ಪೆನ್ನು ಹಿಡಿದವಳು ಹಿಡಿದಂತೆಯೇ ನಿಂತಳು. ಗಾಜಿನ ಬಾಗಿಲಿನಿಂದ ಅವಳು ಎಲ್ಲವನ್ನೂ ನೋಡಿದ್ದಳು. ‘ಮಾವಾರ, ಟವೆಲ್ ಕೆಳಗ ಎಷ್ಟ ಹಿಡದ್ರಿ?’ ಎಂದು ಕೇಳಿದಳು. ಹೇಳಿದೆ. ‘ಹಂಗಾರ ಒಳಗ ಹೋಗಿ ಖರೇ ಹೇಳ್ರಿ. ಸಿಟ್ಟಾಗ್ಲಿ, ಬಡೀಲಿ. ನಿಮ್ಮ ಕೈ ನಂಬಿ ಹೋಗ್ಯಾರವರು’ ಎಂದಳು. ನಾನು, ‘ಸಹಿ ಮಾಡವಾ. ಖರೇ ಹೇಳಿದ್ರ ಗೋಡಿ ಜಿಗದ ಹೋಗ್ತಾನ. ಬೈಗುಳ ಬಂದ್ರ ಆಮ್ಯಾಲ ನೋಡೂಣು’ ಎಂದೆ. ಅವಳು ಅಳುತ್ತಲೇ ಸಹಿ ಮಾಡಿದಳು. ಕಾಗದದ ಮೇಲೆ ಅವಳ ಹೆಸರಿದೆ. ಆ ಮೂವತ್ತು ನನ್ನದು.

ಪಾಡ್ಯದ ಬೆಳಿಗ್ಗೆ ನೀನು ಮಿಂದು ಅದೇ ಬಿಳಿ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ಬಂದು, ‘ಬಾಗ್ಲಾ ತಗೀರಿ, ನಮ್ಮಪ್ಪ ಬರ್ತಾನ, ಸೌದಾ ಆಗೈತಿ’ ಎಂದು ಮಧ್ಯಾಹ್ನದವರೆಗೆ ನಿಂತಿದ್ದೆಯಂತೆ. ಕೊನೆಗೆ ಅವರು ಕಾಗದ ತಂದು ತೋರಿಸಿದರು. ನೀನು ಸಹಿ ನೋಡಿದೆ. ಆ ಹೊತ್ತಿಗೆ ನಾನು ಇಲ್ಲಿ ಎತ್ತಿನ ಮೈ ತೊಳೆಯುತ್ತಿದ್ದೆ. ನೀನು ಆಫೀಸಿನ ಫೋನಿನಿಂದ ಕಾವೇರಿಗೆ ಬೈದದ್ದು ಅಂಗಳದಲ್ಲಿದ್ದ ನನಗೂ ಕೇಳಿಸಿತು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಫೋನ್ ಇಟ್ಟು ಬಂದಾಗ, ಯಾಕವಾ ನನ್ನ ಹೆಸರು ಹೇಳಲಿಲ್ಲ ಎಂದೆ. ‘ನಿಮ್ಮ ಮ್ಯಾಲ ಒಂದ ಭರೋಸೆ ಉಳದೈತಿ ಅವರಿಗೆ. ಅದೂ ಹೋದ್ರ ಇನ್ನ ಯಾರದೂ ಇಲ್ಲ. ನನಗ ಬೈಸ್ಕೊಂಡ ರೂಢಿ ಐತಿ’ ಎಂದು ಹಬ್ಬಕ್ಕೆ ಮಾಡಿಟ್ಟಿದ್ದ ಸೆಗಣಿಯ ಪಾಂಡವರಿಗೆ ಹೂ ಏರಿಸಲು ಹೋದಳು. ಹದಿನಾರು ದಿನ ನಾನು ಆ ನೆರಳಿನಲ್ಲಿ ಸುಖವಾಗಿ ಕುಳಿತೆ. ನಿನ್ನೆ ಟ್ರಂಕಿನ ಮಾತು ಕೇಳಿದ ಮೇಲೆ ಕೂರಲು ಆಗುತ್ತಿಲ್ಲ.

ಕೀಲಿ ಒಡೆದು ನಿನ್ನ ಜೀವ ಉಳಿಸಿದವಳು ಅವಳು. ಕೀಲಿ ಹಾಕಿದವನು ನಾನು. ಗ್ಲಾಸು ಕೊಟ್ಟವನು ನಾನು, ಸುಳ್ಳು ಹೇಳಿ ಕರೆದೊಯ್ದವನು ನಾನು, ಕುಲುಕಿದ ಕೈಯನ್ನು ತಿರುಗಿಸಿದವನೂ ನಾನು. ಸಿಟ್ಟು ತೀರಿಸಿಕೊಳ್ಳುವುದಿದ್ದರೆ ನನ್ನ ಮೇಲೆ ತೀರಿಸಿಕೋ. ಇನ್ನು ನನ್ನ ಜೊತೆ ಮಾತಾಡುವುದಿಲ್ಲ ಎಂದರೂ ಸರಿ, ತಾಟು ಬೇರೆ ಮಾಡಿದರೂ ಸರಿ. ಅವಳ ಟ್ರಂಕ್ ಮುಟ್ಟಬೇಡ. ಮತ್ತೆ ಅದೇ ಹೊತ್ತು ಬಂದರೆ ನಾನು ಸುಳ್ಳು ಹೇಳುತ್ತಿರಲಿಲ್ಲ ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಹೊಟ್ಟಿನಲ್ಲಿ ನೊರೆ ಕಾರುತ್ತ ಬಿದ್ದ ನಿನ್ನನ್ನು ಕಂಡವನು ನಾನು, ಏನನ್ನಾದರೂ ಹೇಳುತ್ತಿದ್ದೆ. ಆದರೆ ಅದನ್ನು ಹೇಳಿದವನು ನಾನೆಂದು ಅವತ್ತೇ ನಿನ್ನ ಮುಂದೆ ನಿಲ್ಲಬೇಕಿತ್ತು.

ಊಟ ಬಿಡಬೇಡ. ಸೌಮ್ಯಾ ಮೇಡಮ್ ಕೇಳಿದರೆ ಬಾಯಿ ಬಿಟ್ಟು ಮಾತಾಡು. ಪಕ್ಕದ ಮಂಚದವನಿಗೆ ರಾತ್ರಿ ನೀರು ಕೊಡುತ್ತೀಯಂತೆ, ಕೇಳಿ ಸಂತೋಷವಾಯಿತು. ಮೈಲಾರಲಿಂಗ ನಿನ್ನ ಮೈಗೆ ಬಲ ಕೊಡಲಿ, ನೂರು ವರ್ಷ ಬಾಳು. ಭಾಗ್ಯಶ್ರೀ ಮುತ್ತು ಕಳಿಸಿದ್ದಾಳೆ. ಹಲ್ಲಿಲ್ಲದ ಬಾಯಿಂದ ಕೊಟ್ಟದ್ದು, ಹಗುರಾಗಿ ತೆಗೆದುಕೋ. ನಿನ್ನ ಕಡೆಯಿಂದ ಏನು ಬರೆಯಲಿ ಎಂದು ಕಾವೇರಿಯನ್ನು ಕೇಳಿದರೆ ಏನೂ ಬೇಡ ಎಂದಳು.

ನಿನ್ನ ಅಪ್ಪ,
ಮೈಲಾರಪ್ಪ

ತಾ.ಕ.: ಇಸ್ತಿಯಾಕ ಹೊರಗೆ ಹಾರ್ನ್ ಒತ್ತುತ್ತಿದ್ದಾನೆ. ಪತ್ರ ಮಡಚುವಾಗ ಕಾವೇರಿ, ‘ಗೇಟಿನ ಮಾತ ಬರದ್ರಿ?’ ಎಂದು ಕೇಳಿದಳು. ಬರೆದಿರಲಿಲ್ಲ. ಕೈ ಬಂದಿರಲಿಲ್ಲ. ಮೇಲೆ ಮಂಗಳವಾರ ಎಂದು ಬರೆದದ್ದು ಈಗ ಹಾಗಿಲ್ಲ. ನಿನ್ನೆ ನೀನು ಡಬ್ಬಿ ತಿರುಗಿಸಿದ ಮೇಲೆ ಅವಳು ಬೆಂಚಿನಿಂದ ಎದ್ದು ನೇರ ಡಾಕ್ಟರ ಕೋಣೆಗೆ ಹೋಗಿ ಐದು ದಿನದ ಮಾತನ್ನು ಹೇಳಿಬಿಟ್ಟಳು. ನಾನೂ ಹಿಂದೆ ನಿಂತು ಹೌದೆಂದೆ. ತನ್ನ ಸಹಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದಾಳೆ. ಈಗ ಹೋದರೆ ಮತ್ತೆ ಕುಡಿಯುವ ಭಯ ಬಹಳ ಇದೆ, ಆದರೆ ಒತ್ತಾಯದಿಂದ ಹಿಡಿದಿಡುವಂಥ ಸ್ಥಿತಿ ಈಗ ನಿನ್ನದಲ್ಲ ಎಂದು ಡಾಕ್ಟರು ಬರೆದು ಕೊಟ್ಟಿದ್ದಾರೆ. ಆ ಕಾಗದ ಸೌಮ್ಯಾ ಮೇಡಮ್ ಕೈಯಲ್ಲಿದೆ. ಇದನ್ನು ಓದಿದ ಗಳಿಗೆಯಲ್ಲೇ ಕೇಳು, ಗೇಟು ತೆರೆಯುತ್ತಾರೆ. ಈ ಪತ್ರ ತಂದ ಓಮ್ನಿ ಇವತ್ತು ಸಂಜೆ ಐದರವರೆಗೆ ಹೊರಗೆ ನಿಂತಿರುತ್ತದೆ, ನಾನು ಅದರಲ್ಲೇ ಇರುತ್ತೇನೆ. ನೀನು ಬಂದರೆ ಒಂದು ಮಾತೂ ಆಡದೆ ಮನೆಗೆ ಕರೆದುಕೊಂಡು ಬರುತ್ತೇನೆ. ಬರಬೇಡ, ತಮ್ಮಾ.